ಸೌನಾದೊಳಗಿನ ಹುಲ್ಲು

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ.
ಶನಿವಾರ ಸಂಜೆ, ಎಂದಿನ ಹಾಗೆ,
ಸೌನಾದ ಒಲೆಗೆ ಬರ್ಚ್ ಸೌದೆ ಒಟ್ಟಿ ಬೆಂಕಿಯಿಟ್ಟೆ.
ಮೇಲಿನ ಹಲಗೆಯ ಮೇಲೆ, ಒದ್ದೆ ಗೋಣಿಯಡಿ,
ಸಾಯ್ಮಿ ನೆನೆಹಾಕಿ ಬಸಿದಿಟ್ಟ ಜವೆಗೋಧಿ
ಇಲಿಬಾಲದಂಥ ಬೇರು ಬಿಟ್ಟು ಮಲಗಿತ್ತು.
ಎಂಬತ್ತು ಡಿಗ್ರಿ.
ಟವೆಲು ಹೆಗಲಿಗೆ ಹಾಕಿ ಬಾಗಿಲು ತೆರೆದರೆ
ಗಂಜಿಯ ಘಮ.

ಅವಳು ಬೈಯಲಿಲ್ಲ. ಅದೇ ಕಷ್ಟ.
ತಟ್ಟೆ ಎತ್ತಿಕೊಂಡು ಹಿತ್ತಲಿಗೆ ನಡೆದಳು,
ಹಿಮದಲ್ಲಿ ಹಬೆಯಾಡುತ್ತ ಹಿಂದೆ ನಾನು, ಬರಿಮೈಯಲ್ಲಿ.
ಕೋಳಿಗಳು ಬೆಂದದ್ದನ್ನೂ ಬಿಡಲಿಲ್ಲ,
ಕೊಕ್ಕು ಒರೆಸಿಕೊಂಡು ಇನ್ನೂ ಇದೆಯಾ ಎಂದು ನನ್ನನ್ನೇ ನೋಡಿದವು.
‘ಇವಕ್ಕೆ ಬೇಕಾದ್ದು ಹಸಿರು, ಓಲಾ,’ ಎಂದಳು,
‘ಗಂಜಿ ನಿನಗಿರಲಿ.’

ಹಸಿರೆಲ್ಲಿಂದ ತರುವುದು?
ಇನಾರಿಯ ಈ ದಂಡೆಯಲ್ಲಿ ಡಿಸೆಂಬರಿಗೆ ಮುಳುಗಿದ ಸೂರ್ಯ
ಹೊಸ ಕ್ಯಾಲೆಂಡರು ತೂಗುಹಾಕಿದ ಮೇಲೂ ಮುಖ ತೋರಿಸುವುದಿಲ್ಲ.
ಮಧ್ಯಾಹ್ನವೆಂದರೆ ಒಂದಿಷ್ಟು ನೀಲಿ, ಅಷ್ಟೆ.
ಗೂಡಿನಲ್ಲಿ ಒಂದು ಬಲ್ಬು, ಅದರ ಕೆಳಗೆ ನಾಲ್ಕು ಹೇಂಟೆ.
ಸಮುದ್ರದ ಹವಾಮಾನ ಓದುವ ರೇಡಿಯೊದಿಂದ ಹೆಸರು ಕದ್ದವಳು ಸಾಯ್ಮಿ,
ಇಲ್ಲಿಂದ ಕಡಲು ಎಷ್ಟೋ ದೂರವಿದ್ದರೂ:
ಹಾಂಕೊ, ಉತೊ, ಕೆಮಿ,
ಮತ್ತೆ ಕಲ್‌ಬೋಡಗ್ರುಂಡ್.
ಪೂರ್ತಿ ಕರೆಯುವಷ್ಟರಲ್ಲಿ ಅವಳು ಗೂಡು ದಾಟಿರುತ್ತಾಳೆ.

ಸೋಮವಾರ ಸಾಯ್ಮಿ ತಂಗಿಯ ಬಾಣಂತನಕ್ಕೆಂದು ಊಲುವಿಗೆ ಹೋದಳು.
ಫ್ರಿಜ್ಜಿನ ಮೇಲೆ ಒಂದು ಚೀಟಿ:
ಹೊಸ ಕಾಳು ರಾತ್ರಿ ನೆನೆಹಾಕು.
ಹಾಲಿನ ಡಬ್ಬಿ ಉದ್ದಕ್ಕೆ ಸೀಳಿ ತಳಕ್ಕೆ ಮೊಳೆಯಿಂದ ತೂತು ಹೊಡೆ.
ದಿನಕ್ಕೆರಡು ಸಲ ತೊಳೆ, ನೀರು ನಿಲ್ಲಬಾರದು.
ಬಿಳಿ ನೂಲು ಕಂಡರೆ ಗಾಬರಿ ಬೇಡ, ಮೂಸಿ ನೋಡು:
ಬೇರಾದರೆ ಸೌತೆಕಾಯಿ,
ಬೂಷ್ಟಾದರೆ ನಿನ್ನ ಬೂಟು.
ಸೌನಾದೊಳಗೆ ಇಡಬೇಡ.
ಕೊನೆಯ ಸಾಲಿನಡಿ ಎರಡು ಗೆರೆ.

ನಾನು ರಸ್ತೆಯ ಹಿಮ ತಳ್ಳುವ ಲಾರಿಯವನು.
ಇಪ್ಪತ್ತು ವರ್ಷದಿಂದ ಬಿಳಿಯನ್ನು ಬದಿಗೆ ಸರಿಸುತ್ತ ಬಂದಿದ್ದೇನೆ,
ಏನನ್ನೂ ಬೆಳೆಸಿದವನಲ್ಲ.
ಮೂರೂವರೆಗೆ ಎದ್ದು ಕಾಫಿಗೆ ಮೊದಲು ಡಬ್ಬಿ ತೊಳೆದೆ,
ಮೂಗಿಟ್ಟು ಮೂಸಿದೆ. ಸೌತೆಕಾಯಿ.
ಎರಡನೆಯ ದಿನ ಸೌತೆಕಾಯಿ.
ಮೂರನೆಯ ದಿನ ಒಂದು ಡಬ್ಬಿ ಬೂಟು; ಹಿಮಕ್ಕೆ ಎಸೆದೆ.
ಉಳಿದವು ಕಿಟಕಿಯ ದೀಪದಡಿ ತುದಿ ಚೂಪಾಗಿಸಿಕೊಂಡವು,
ಮೊದಲು ಹಾಲುಬಿಳಿ, ಆಮೇಲೆ ಅನುಮಾನದ ಹಳದಿ,
ಆಮೇಲೊಂದು ಬೆಳಗ್ಗೆ, ನಾನು ಬೆನ್ನು ಹಾಕಿದ್ದಾಗ,
ಹಸಿರು.

ಎಂಟನೆಯ ದಿನ ಡಬ್ಬಿ ಬೋರಲು ಹಾಕಿದೆ.
ಬೇರಿಗೆ ಬೇರು ಹೆಣೆದು ಅದು ಇಡಿಯಾಗಿ ಬಂತು,
ಅಂಗೈಯಲ್ಲಿ ತಣ್ಣಗಿನ ಕಂಬಳಿ, ತೂಕವಾಗಿ,
ಏನೋ ಜೀವ ಹಿಡಿದ ಹಾಗೆ.
ಗೂಡಿನ ನೆಲಕ್ಕೆ ಇಳಿಸಿದೆ.
ಹಾಂಕೊ ಕತ್ತು ವಾರೆ ಮಾಡಿ ಒಂದು ಕಣ್ಣಲ್ಲಿ ನೋಡಿದಳು,
ಕಾಲಿಂದ ಒಮ್ಮೆ ಕೆರೆದಳು,
ಆಮೇಲೆ ಗದ್ದಲ.
ಒಬ್ಬಳ ಬಾಯಿಂದ ಇನ್ನೊಬ್ಬಳು ಎಳೆದು,
ಕಲ್‌ಬೋಡಗ್ರುಂಡ್ ಇಡೀ ತುಂಡನ್ನೇ ಕಚ್ಚಿಕೊಂಡು ಮೂಲೆಗೆ ಓಡಿ.
ನಾನು ಒಂದು ಎಸಳು ಕಿತ್ತು ಬಾಯಿಗಿಟ್ಟೆ, ಯಾರೂ ನೋಡುತ್ತಿರಲಿಲ್ಲ.
ಜೂನಿನ ರುಚಿ. ಸ್ವಲ್ಪ ಮಣ್ಣು ಕಮ್ಮಿ.

ಮೊಟ್ಟೆಯೊಳಗಿನ ಹಳದಿ ತೊಳೆದ ಪರದೆಯಷ್ಟು ಮಂಕಾಗಿತ್ತು.
ಎರಡು ವಾರ ಬೇಕಾಯಿತು, ಬಾಣಲೆಯಲ್ಲಿ ಅದು ರಂಗೇರಲು.
ಸೂರ್ಯನಿಗೆ ಹೋಲಿಸಬಹುದಿತ್ತು.
ಬೇಡ. ಸೂರ್ಯ ಬಂದ ದಿನ ಕೋಳಿಗಳು ತಲೆಯೆತ್ತಲೂ ಇಲ್ಲ,
ಹುಲ್ಲಿನಲ್ಲಿ ಮುಳುಗಿದ್ದವು.
ನನ್ನ ಡ್ಯೂಟಿ ಜಾಕೀಟಿನ ಬಣ್ಣ ಅನ್ನೋಣ, ಕತ್ತಲಲ್ಲಿ ದೂರಕ್ಕೂ ಕಾಣುವಂಥದು.
ಸಾಯ್ಮಿ ತಿಂದಳು, ಬ್ರೆಡ್ಡಿನಿಂದ ತಟ್ಟೆ ಒರೆಸಿದಳು.
‘ಬೂಟು ಎಷ್ಟು?’ ಎಂದಳು.
‘ಒಂದೇ.’

ಈಗಲೂ ನಸುಕಿನಲ್ಲಿ ಲಾರಿ ತಿರುವು ಹತ್ತುವಾಗ
ಹಲ್ಲಿನ ನಡುವೆ ಒಂದು ಎಸಳು ಇರುತ್ತದೆ.
ರೇಡಿಯೊ ಯಾರದೋ ಹಡಗುಗಳಿಗಾಗಿ ಓದುತ್ತದೆ:
ಉತೊ, ವಾಯವ್ಯದ ಗಾಳಿ.
ಕೆಮಿ, ಹಿಮ.
ಹಾಂಕೊ, ನೋಟ ಸ್ವಚ್ಛ.
ಕಲ್‌ಬೋಡಗ್ರುಂಡ್,
ಮಾಹಿತಿ ಬಂದಿಲ್ಲ.